ಪದಕದ ಸುದ್ದಿ ಬಂತು, ಸಂಬಳದ್ದು ಎಲ್ಲಿ?

ಸಂಪಾದಕರೇ,

ನಾನು ಮಲ್ಪೆಯವನು. ನಮಗೆ ಐಸ್ ಅಂದರೆ ಬಂದರಿನಲ್ಲಿ ಮೀನಿನ ಬಾಕ್ಸಿಗೆ ಸುರಿಯುವ ಐಸ್, ಅಷ್ಟೇ. ಐಸ್ ಮೇಲೆ ಹಾಕಿ ಆಟ ಆಡುವ ಹೆಂಗಸರ ಸುದ್ದಿ ಇವನಿಗೆ ಎಂತಕ್ಕೆ ಅಂತ ನಗಬೇಡಿ. ನನ್ನ ಅಣ್ಣನ ಮಗಳು ಮಂಗಳೂರಿನಲ್ಲಿ ರೋಲರ್ ಸ್ಕೇಟಿಂಗ್ ಕಲಿಯುತ್ತಾಳೆ, ಈಗ ಐಸ್ ಹಾಕಿಯ ಹುಚ್ಚು ಹಿಡಿದಿದೆ. ಮೊನ್ನೆ ಮನೆ ದೈವದ ತಂಬಿಲ ಪೂಜೆಗೆ ಎಲ್ಲರೂ ಸೇರಿದ್ದಾಗ ನಮ್ಮ ದೊಡ್ಡಮ್ಮ ಕೇಳಿದರು, "ಅದರಲ್ಲಿ ತಿಂಗಳಿಗೆ ಎಷ್ಟು ಸಿಗ್ತದೆ ಮಗಾ?" ಹುಡುಗಿ ಸುಮ್ಮನಾದಳು. ದಿನಾ ಪೇಪರ್ ಓದುವ ನನಗೂ ಗೊತ್ತಿರಲಿಲ್ಲ.

ಆಮೇಲೆ ಕೂತು ಹುಡುಕಿದೆ. ಅಮೆರಿಕ, ಕೆನಡಾದಲ್ಲಿ 2024ರ ಜನವರಿ 1ಕ್ಕೆ ಪಿಡಬ್ಲ್ಯುಎಚ್‌ಎಲ್ ಅಂತ ಹೆಂಗಸರ ಐಸ್ ಹಾಕಿ ಲೀಗ್ ಆರು ತಂಡಗಳಿಂದ ಶುರುವಾಯಿತು. ಮೊದಲ ಸೀಸನ್ನಿನಲ್ಲಿ ವರ್ಷಕ್ಕೆ ಕನಿಷ್ಠ ಸಂಬಳ 35,000 ಡಾಲರ್, ಅಂದರೆ ಸುಮಾರು 30 ಲಕ್ಷ ರೂಪಾಯಿ. ಸರಾಸರಿ 55,000 ಡಾಲರ್. ಕೇಳಲಿಕ್ಕೆ ದೊಡ್ಡದೇ, ಆದರೆ ಬಾಸ್ಟನ್, ಟೊರೊಂಟೊದಂಥ ಊರಿನಲ್ಲಿ ಬಾಡಿಗೆ ಕಟ್ಟಿ ಬದುಕಬೇಕಲ್ವಾ. ಅದೇ ಸೀಸನ್ನಿನಲ್ಲಿ ಗಂಡಸರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ತೀರಾ ಕಡಿಮೆ ಸಂಬಳದವನಿಗೆ 7,75,000 ಡಾಲರ್, ಆರೂವರೆ ಕೋಟಿ ಹತ್ತಿರ ಮಾರಾಯ್ರೆ!

ಇಷ್ಟಾದರೂ ಸುಮ್ನೆ ಬಂದದ್ದಲ್ಲ. 2015ರಲ್ಲಿ ಶುರುವಾದ ಇನ್ನೊಂದು ಲೀಗ್ ಕನಿಷ್ಠ 10,000 ಡಾಲರ್ ಕೊಡುತ್ತೇವೆ ಅಂತ ಹೇಳಿ, ಮರುವರ್ಷ ನವೆಂಬರಿನಲ್ಲಿ ಸೀಸನ್ ನಡೆಯುತ್ತಿರುವಾಗಲೇ ಸಂಬಳ ಕತ್ತರಿಸಿತು. ಕೆಲವರದ್ದು ಅರ್ಧಕ್ಕೇ ಬಂತು. ಕೆನಡಾದ ಹಳೆ ಲೀಗ್ 2019ರಲ್ಲಿ ಬಾಗಿಲು ಹಾಕಿತು. ಹಗಲು ಎಲ್ಲೋ ಕೆಲಸ ಮಾಡಿ ರಾತ್ರಿ ಪ್ರಾಕ್ಟೀಸ್ ಮಾಡುತ್ತಿದ್ದವರೇ ಜಾಸ್ತಿ. ಕೊನೆಗೆ 200ಕ್ಕೂ ಹೆಚ್ಚು ಆಟಗಾರ್ತಿಯರು ಹೀಗಾದರೆ ನಾವು ಯಾವ ಲೀಗಿನಲ್ಲೂ ಆಡುವುದಿಲ್ಲ ಅಂತ ಕೂತರು. ಈಗಿನ ಲೀಗ್ ಹುಟ್ಟಿದ್ದರ ಹಿಂದೆ ಆ ಹಟ ಇದೆ.

ನಮ್ಮವರದ್ದು ಬೇರೆಯೇ ಕತೆ. ಭಾರತದ ಹೆಂಗಸರ ತಂಡದಲ್ಲಿ ಹೆಚ್ಚಿನವರು ಲಡಾಖಿನವರು. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದ ಮೇಲೆ ಎರಡು ತಿಂಗಳ ಆಟ, ಎಷ್ಟೋ ಹುಡುಗಿಯರು ಕಲಿತದ್ದು ಗಂಡುಮಕ್ಕಳ ಹಳೇ ಸಾಮಾನು ಕೇಳಿ ತಂದು. 2016ರಲ್ಲಿ ಮೊದಲ ಸಲ ಹೊರದೇಶಕ್ಕೆ ಆಡಲು ಹೋಗುವಾಗ ಜನರಿಂದ ಚಂದಾ ಎತ್ತಿದರು. ಮರುವರ್ಷ ಬ್ಯಾಂಕಾಕಿನಲ್ಲಿ ಫಿಲಿಪೀನ್ಸನ್ನು 4-3ರಿಂದ ಸೋಲಿಸಿ ಮೊದಲ ಗೆಲುವು, 2025ರಲ್ಲಿ ಏಷ್ಯಾ ಕಪ್ ಕಂಚು. ಕೆಲವರು ಗಡಿ ಕಾಯುವ ಐಟಿಬಿಪಿ ಪಡೆಯ ಕೆಲಸದಲ್ಲಿದ್ದುಕೊಂಡು ಆಡುತ್ತಾರೆ. ಲೀಗ್ ಸಂಬಳದ ಮಾತೇ ಇಲ್ಲ.

ನನ್ನ ತಕರಾರು ಪೇಪರಿನವರ ಮೇಲೆ. 2023ರ ಹೆಂಗಸರ ಕ್ರಿಕೆಟ್ ಲೀಗಿನ ಹರಾಜಿನಲ್ಲಿ ಸ್ಮೃತಿ ಮಂಧಾನಗೆ 3.40 ಕೋಟಿ ಸಿಕ್ಕಿದ್ದು ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠ. ಕಂಬಳದಲ್ಲಿ ಗೆದ್ದವರಿಗೆ ಎಷ್ಟು ಪವನು ಚಿನ್ನ ಅಂತಲೂ ಬರೆಯುತ್ತೀರಿ, ಬರೆಯಿರಿ, ನಾನೇ ಮೊದಲು ಓದುವವನು. ಆದರೆ ಬೇರೆ ಆಟದ ಹುಡುಗಿಯರಿಗೆ ಪದಕದ ಫೋಟೊ, ಕೆಳಗೆ "ಹೆಮ್ಮೆಯ ಕ್ಷಣ", ಮುಗೀತು. ದುಡ್ಡಿನ ವಿಷಯ ಕೇಳಿದರೆ ಅವರಿಗೆ ಅವಮಾನ ಅಂತ ಇರಬಹುದಾ? ನಮ್ಮ ಹುಡುಗಿಯಂಥವರು ಮನೆಯಲ್ಲಿ ಉತ್ತರ ಕೊಡಬೇಕಾದದ್ದು ಅದೇ ಪ್ರಶ್ನೆಗೆ.

ಮುಂದಿನ ಸಲ ಲಡಾಖಿನ ತಂಡದ ಫೋಟೊ ಹಾಕುವಾಗ ಒಬ್ಬರಿಗಾದರೂ ಫೋನ್ ಮಾಡಿ. ಸ್ಕೇಟ್ ಯಾರು ಕೊಡಿಸಿದ್ದು, ಹೊಟ್ಟೆಪಾಡಿಗೆ ಎಂತ ಮಾಡುತ್ತೀರಿ ಅಂತ ಕೇಳಿ ನಾಲ್ಕು ಸಾಲು ಸೇರಿಸಿ. ಕತ್ತರಿಸಿ ದೊಡ್ಡಮ್ಮನಿಗೆ ಕೊಡುತ್ತೇನೆ.

ಒಬ್ಬ ಓದುಗ,
ಮಲ್ಪೆ, ಉಡುಪಿ