ತಲೆಬರಹದಲ್ಲಿ ಬರೀ ‘ಹೆಗ್ಡೆ’ ಎಂದರೆ ಯಾರು?

ಮಾನ್ಯರೇ,

ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ‘ಹೆಗ್ಡೆ ರಾಜೀನಾಮೆ’ ಎಂದು ಹುಡುಕುವವರು ಒಂದಲ್ಲ, ಮೂರು ಕಾಲಕ್ಕೆ ಹೋಗಬೇಕು. ಜ್ಯೇಷ್ಠತೆ ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ, 1973ರಲ್ಲಿ ಸುಪ್ರೀಂ ಕೋರ್ಟ್ ಬಿಟ್ಟವರು ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ಸಾರಾಯಿ ಬಾಟ್ಲಿಂಗ್ ಗುತ್ತಿಗೆ ಬಗ್ಗೆ ಹೈಕೋರ್ಟ್ ಆಕ್ಷೇಪಿಸಿದಾಗ, 1986ರ ಫೆಬ್ರುವರಿಯಲ್ಲಿ ರಾಜೀನಾಮೆ ಕೊಟ್ಟು ಕೆಲವೇ ದಿನಗಳಲ್ಲಿ ಹಿಂಪಡೆದವರು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. 1988ರಲ್ಲಿ ಕುರ್ಚಿ ಬಿಟ್ಟವರೂ ಅವರೇ. 2010ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟು ಜುಲೈನಲ್ಲಿ ಹಿಂಪಡೆದವರು ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ. ಮೊದಲನೆಯವರೂ ಕೊನೆಯವರೂ ತಂದೆ–ಮಗ, ಕರಾವಳಿಯ ಬಂಟರು. ನಡುವಿನವರು ಸಿದ್ದಾಪುರ ಕಡೆಯ ಹವ್ಯಕರು. ಆ ಇಬ್ಬರಿಗೂ ಇವರಿಗೂ ನಂಟಿಲ್ಲ. ‘ಹೆಗ್ಡೆ ರಾಜೀನಾಮೆ ವಾಪಸ್’ ಎಂಬ ಸಾಲು 1986ಕ್ಕೂ ಸರಿ, 2010ಕ್ಕೂ ಸರಿ. ತಾರೀಖು ಕತ್ತರಿಸಿಹೋದ ತುಣುಕು ಕೈಗೆ ಸಿಕ್ಕರೆ ಕೆಳಗಿನ ಸುದ್ದಿ ಪೂರ್ತಿ ಓದದೆ ಬೇರೆ ದಾರಿಯಿಲ್ಲ.

ಇದು ವಂಶದ ಹೆಸರಲ್ಲ, ಹುದ್ದೆಯ ಹೆಸರು. ಶಾಸನಗಳ ‘ಪೆರ್ಗಡೆ’ಯೇ ಹೆಗ್ಗಡೆಯಾಗಿ, ಹೆಗಡೆಯಾಗಿ, ಹೆಗ್ಡೆಯಾಗಿ ಉಳಿದಿದೆ. ಊರಿನ ಯಜಮಾನಿಕೆ ಯಾರ ಕೈಲಿತ್ತೋ ಅವರಿಗೆ ಆ ಹೆಸರು ಅಂಟಿಕೊಂಡಿತು. ಪಾಟೀಲ, ಕುಲಕರ್ಣಿ, ದೇಸಾಯಿ, ಶಾನುಭಾಗ, ಎಲ್ಲವೂ ಹಾಗೆಯೇ. ಗದಗದ ಪಾಟೀಲರಿಗೂ ಸೇಡಂನ ಪಾಟೀಲರಿಗೂ ಸಂಬಂಧ ಇರಲೇಬೇಕೆಂದು ಯಾರೂ ಊಹಿಸಬಾರದು.

ಕನ್ನಡಕ್ಕೊಂದು ಅನುಕೂಲವಿದೆ, ಅದನ್ನು ನಾವೇ ಕಳೆದುಕೊಳ್ಳುತ್ತಿದ್ದೇವೆ. ರಾಮಕೃಷ್ಣ ಹೆಗಡೆ, ಸಂತೋಷ್ ಹೆಗ್ಡೆ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆ: ಕಾಗುಣಿತವೇ ಮೂವರನ್ನೂ ಬೇರೆ ಮಾಡಿ ತೋರಿಸುತ್ತದೆ. ಇಂಗ್ಲಿಷ್ ಸುದ್ದಿಸಂಸ್ಥೆ ಕಳಿಸಿದ ಸುದ್ದಿ ಪತ್ರಿಕೆಯ ಡೆಸ್ಕಿಗೆ, ಅಂದರೆ ಸುದ್ದಿ ತಿದ್ದುವ ವಿಭಾಗಕ್ಕೆ, ಬಂದಾಗ ಈ ಗುರುತು ಅಳಿಸುತ್ತದೆ. ಅಲ್ಲಿ ಹೆಗಡೆಗೂ ಹೆಗ್ಡೆಗೂ ಅಕ್ಷರ ಒಂದೇ. ಅವಸರದ ಅನುವಾದದಲ್ಲಿ ಶಿರಸಿಯ ಹೆಗಡೆಯೂ ‘ಹೆಗ್ಡೆ’ ಆಗುತ್ತಾರೆ. ಆಮೇಲೆ ಸಂಗ್ರಹದಲ್ಲಿ ‘ಹೆಗಡೆ’ ಎಂದು ಹುಡುಕಿದರೆ ಆ ಸುದ್ದಿ ಸಿಗುವುದಿಲ್ಲ, ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ ಪದ. ಸಿಗಬಾರದ್ದು ಮಾತ್ರ ಸಿಗುತ್ತದೆ: ಕುಮಟಾ ಬಳಿಯ ಹೆಗಡೆ ಊರಿನ ಸುದ್ದಿ. ‘ಹೆಗ್ಗಡ’ ಎಂದು ಹಾಕಿದರೆ ಹೆಗ್ಗಡದೇವನಕೋಟೆಯೂ ಬರುತ್ತದೆ.

ಮೊದಲ ಹೆಸರು ಬರೆದರೆ ಸಾಕೆಂಬ ಧೈರ್ಯವೂ ಬೇಡ. 2017–18ರಲ್ಲಿ ಕೇಂದ್ರ ಸರ್ಕಾರದಲ್ಲಿ ಬೆಂಗಳೂರು ದಕ್ಷಿಣದ ಎಚ್.ಎನ್. ಅನಂತಕುಮಾರ್ ಸಂಪುಟ ಸಚಿವರು, ಉತ್ತರ ಕನ್ನಡದ ಅನಂತಕುಮಾರ ಹೆಗಡೆ ರಾಜ್ಯ ಸಚಿವರು. ಪಕ್ಷವೂ ಒಂದೇ. ತಲೆಬರಹದಲ್ಲಿ ‘ಸಚಿವ ಅನಂತಕುಮಾರ್’ ಎಂದಷ್ಟೇ ಇದ್ದರೆ ಮಾತು ಯಾರದ್ದು?

ಇನಿಶಿಯಲ್ ನೆರವಾಗುತ್ತದೆ, ಆದರೆ ಅದನ್ನು ಅಂದಾಜಿನಲ್ಲಿ ಬಿಡಿಸಬಾರದು. ಎಚ್.ಡಿ. ದೇವೇಗೌಡರ ‘ಡಿ’ ದೊಡ್ಡೇಗೌಡ; ಎಚ್.ಡಿ. ಕುಮಾರಸ್ವಾಮಿಯವರ ‘ಡಿ’ ದೇವೇಗೌಡ.

ಆದ್ದರಿಂದ ಸಂಪಾದಕರಲ್ಲಿ ಕೇಳಿಕೊಳ್ಳುವುದು ಇಷ್ಟು. ಡೆಸ್ಕಿನಲ್ಲಿ ಒಂದು ಹೆಸರುಪಟ್ಟಿ ಇರಲಿ: ಪೂರ್ಣ ಹೆಸರು, ಕನ್ನಡದಲ್ಲಿ ಅವರೇ ಬರೆದುಕೊಳ್ಳುವ ಕಾಗುಣಿತ, ಊರು ಅಥವಾ ಕ್ಷೇತ್ರ, ಹುದ್ದೆ ಮತ್ತು ಅದರ ವರ್ಷ. ಸುದ್ದಿಸಂಸ್ಥೆ ಕಳಿಸಿದ ಸುದ್ದಿಯಲ್ಲಿನ ಹೆಸರನ್ನು ಆ ಪಟ್ಟಿಗೆ ತಾಳೆ ನೋಡಿಯೇ ಪುಟಕ್ಕೆ ಬಿಡಬೇಕು. ಸುದ್ದಿಯ ಮೊದಲ ವಾಕ್ಯದಲ್ಲಿ ಪೂರ್ಣ ಹೆಸರಿರಲಿ. ಮುಂದೆ ಅಡ್ಡಹೆಸರು ಬಳಸಿದರೂ ಅಡ್ಡಿಯಿಲ್ಲ. ಒಂದೇ ಸುದ್ದಿಯಲ್ಲಿ ಇಬ್ಬರು ಪಾಟೀಲರಿದ್ದರೆ ಕೊನೆಯವರೆಗೂ ಇಬ್ಬರಿಗೂ ಇನಿಶಿಯಲ್ ಬೇಕು. ಜಾಲತಾಣದಲ್ಲಿ ‘ಪಾಟೀಲ’ ಎಂಬ ಬರೀ ಟ್ಯಾಗ್ ತೆಗೆದುಹಾಕಿ. ವರ್ಷಗಳು ಉರುಳಿದಂತೆ ಸಂಬಂಧವಿಲ್ಲದ ಹತ್ತಾರು ಜನ ಅದರಡಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಒಬ್ಬರ ಸುದ್ದಿಗೆ ಮತ್ತೊಬ್ಬರ ಫೋಟೊ ಸೇರುವುದು ಹೆಚ್ಚಾಗಿ ಅಲ್ಲಿಂದಲೇ.

ಅಪರಾಧ ಸುದ್ದಿಯಲ್ಲಿ ಇದು ಇನ್ನೂ ಗಂಭೀರ. ‘ಶೆಟ್ಟಿ ಬಂಧನ’ ಎಂದು ದಪ್ಪಕ್ಷರದಲ್ಲಿ ಹಾಕಿದರೆ ಊರಿನ ಶೆಟ್ಟರೆಲ್ಲ ಉತ್ತರ ಹೇಳುತ್ತಾ ಕೂರಬೇಕು. ಪೊಲೀಸರು ಕೊಟ್ಟಂತೆ ಪೂರ್ಣ ಹೆಸರು, ವಯಸ್ಸು, ಊರು ಸುದ್ದಿಯೊಳಗಿರಲಿ; ತಲೆಬರಹದಲ್ಲಿ ಕೃತ್ಯ ಮತ್ತು ಸ್ಥಳ ಸಾಕು. ತಪ್ಪಾದಾಗ ಮರುದಿನ ಮೂಲೆಯಲ್ಲೊಂದು ತಿದ್ದುಪಡಿ ಹಾಕಿ ಕೈಬಿಡಬಾರದು. ಜಾಲತಾಣದ ಮೂಲ ಸುದ್ದಿ, ಫೋಟೊದ ಅಡಿಬರಹ, ಟ್ಯಾಗ್ ಮೂರನ್ನೂ ತಿದ್ದಿ, ತಿದ್ದಿದ ದಿನಾಂಕವನ್ನು ಅಲ್ಲೇ ನಮೂದಿಸಬೇಕು. ಹತ್ತು ವರ್ಷದ ನಂತರ ಹುಡುಕುವವರು ತೆರೆಯುವುದು ಆ ಪುಟವನ್ನೇ.

— ಓದುಗರು, ಶಿರಸಿ