ಪೂರ್ತಿ ನೋಡು, ಆಮೇಲೆ ನಕ್ಷತ್ರ ಎಣಿಸು

ಚಿರಂಜೀವಿ ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮಿಷಿಗನ್‌ನಲ್ಲಿ ಚಳಿ ಇನ್ನೂ ಹೋಗಿಲ್ಲ. ನೀನು ಕಳಿಸಿದ ಪಟ್ಟಿ ಸಿಕ್ಕಿತು. ಅದಕ್ಕೂ ಮೊದಲೇ ಅಕ್ಕನ ಫೋನ್ ಬಂದಿತ್ತು. "ಮೊದಲ ಸಂಬಳದಲ್ಲಿ ಹಳೇ ಕುಸ್ತಿ ಕ್ಯಾಸೆಟ್ ತರಿಸ್ತಾನಂತೆ, ಎಲ್ಲ ನೀನು ಹತ್ತಿಸಿದ ಹುಚ್ಚು" ಅಂತ ನನಗೇ ಬೈದಳು. ಅವಳಿಗೆ ಹೇಳುವುದನ್ನು ಅವಳಿಗೆ ಹೇಳಿದ್ದೇನೆ. ಇದು ನಿನಗೆ.

ಕುಸ್ತಿ ಪತ್ರಕರ್ತ ಡೇವ್ ಮೆಲ್ಟ್ಜರ್ ಐದು ನಕ್ಷತ್ರ ಕೊಟ್ಟ ಪಂದ್ಯಗಳನ್ನೆಲ್ಲ ಸಾಲಾಗಿ ಬರೆದಿದ್ದೀಯ. ಪಕ್ಕದಲ್ಲಿ ಟೇಪು, ಡಿವಿಡಿಗಳ ಬೆಲೆ. ಅಚ್ಚುಕಟ್ಟಾಗಿದೆ. ಆದರೆ ಅದರಲ್ಲಿ ರ‍್ಯಾಂಡಿ ಸ್ಯಾವೇಜ್ ಮತ್ತು ರಿಕಿ ಸ್ಟೀಮ್‌ಬೋಟ್ ಪಂದ್ಯವೇ ಇಲ್ಲವಲ್ಲ! ಮೆಲ್ಟ್ಜರ್ ಅದಕ್ಕೆ ಕೊಟ್ಟದ್ದು ನಾಲ್ಕೂವರೆ. ಅರ್ಧ ನಕ್ಷತ್ರ ಕಡಿಮೆ ಆಯಿತು ಅಂತ ಡಬ್ಲ್ಯುಡಬ್ಲ್ಯುಎಫ್ ಕಂಪನಿಯ ವರ್ಷದ ದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾ 3ರ ಅತ್ಯುತ್ತಮ ಪಂದ್ಯವನ್ನು ಬಿಟ್ಟುಬಿಟ್ಟಿದ್ದೀಯ. ಮೆಲ್ಟ್ಜರ್ ಬಗ್ಗೆ ನನಗೆ ಗೌರವ ಇದೆ. ಆದರೆ ನಕ್ಷತ್ರ ಅವರ ಅಭಿಪ್ರಾಯ. ನಿನ್ನ ಅಭಿಪ್ರಾಯ ಆಗಬೇಕಾದರೆ ನೀನು ಪಂದ್ಯ ನೋಡಬೇಕು. ಪಟ್ಟಿಯಲ್ಲಿರುವ ಎಷ್ಟನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದೀಯ? ಫೋನಿನಲ್ಲಿ ಎರಡು ನಿಮಿಷದ ತುಣುಕು ಲೆಕ್ಕಕ್ಕಿಲ್ಲ. ಅದು ಬಯಲಾಟಕ್ಕೆ ಬೆಳಗಿನ ಜಾವ ಹೋಗಿ, ರಾಕ್ಷಸ ಸಾಯುವುದನ್ನಷ್ಟೇ ನೋಡಿ ಮನೆಗೆ ಬಂದ ಹಾಗೆ.

ಆ ಪಂದ್ಯದ ವಿಷಯವನ್ನೇ ತಗೋ. 1987ರ ಮಾರ್ಚ್ 29, ಪಾಂಟಿಯಾಕ್ ಸಿಲ್ವರ್‌ಡೋಮ್. ಕಂಪನಿಯ ಲೆಕ್ಕದಲ್ಲಿ ಜನ 93,173. ಮೆಲ್ಟ್ಜರ್ ಲೆಕ್ಕದಲ್ಲಿ ಸುಮಾರು 78,000. ಈ ಜಗಳ ಇನ್ನೂ ಮುಗಿದಿಲ್ಲ. ಜನ ಬಂದದ್ದು ಹಲ್ಕ್ ಹೋಗನ್ ದೈತ್ಯ ಆಂಡ್ರೆಯನ್ನು ಎತ್ತುವುದನ್ನು ನೋಡಲು. ಮನೆಗೆ ಹೋಗುವಾಗ ಮಾತಾಡಿಕೊಂಡದ್ದರಲ್ಲಿ ಈ ಹದಿನೈದು ನಿಮಿಷವೂ ಇತ್ತು. ಹಿಂದಿನ ನವೆಂಬರಿನಲ್ಲಿ ಸ್ಯಾವೇಜ್ ರಿಂಗಿನ ಗಂಟೆಯಿಂದ ಸ್ಟೀಮ್‌ಬೋಟ್‌ನ ಗಂಟಲು ಜಜ್ಜಿದ್ದ. ಕಥೆಯ ಪ್ರಕಾರ, ಮಾತೇ ನಿಂತುಹೋಗುವಷ್ಟು ಗಾಯ. ಅದು ಗೊತ್ತಿದ್ದು ನೋಡಿದರೆ ಪಂದ್ಯದ ಒಂದೊಂದು ಹಿಡಿತಕ್ಕೂ ಅರ್ಥ ಬರುತ್ತದೆ. ಸ್ಟೀಮ್‌ಬೋಟ್ ಮೊದಲಿಗೇ ಸ್ಯಾವೇಜ್‌ನ ಕತ್ತು ಹಿಡಿದು ಎತ್ತುತ್ತಾನೆ. ಸ್ಯಾವೇಜ್ ಕೈ ಹಾಕುವುದೂ ಗಂಟಲಿಗೇ. ಕೊನೆಗೆ ಮತ್ತೆ ಅದೇ ಗಂಟೆ ತರುತ್ತಾನೆ. ಸ್ಟೀಮ್‌ಬೋಟ್ ಕಡೆಯ ಜಾರ್ಜ್ ಸ್ಟೀಲ್ ಅವನನ್ನು ಹಗ್ಗದ ಮೇಲಿನಿಂದ ತಳ್ಳುತ್ತಾನೆ. ಸ್ಟೀಮ್‌ಬೋಟ್‌ನ ಒಂದು ಸಣ್ಣ ಸುರುಳಿ ಪಟ್ಟು, ಮೂರು ಎಣಿಕೆ, ಮುಗಿಯಿತು. ತುಣುಕಿನಲ್ಲಿ ನೋಡಿದರೆ ಆ ಕೊನೆಯ ಪಟ್ಟು ಏನೂ ಅಲ್ಲ, ಮಕ್ಕಳ ಆಟ. ಪೂರ್ತಿ ನೋಡಿದವನು ಕುರ್ಚಿಯಿಂದ ಏಳುತ್ತಾನೆ.

(ಆ ಸಿಲ್ವರ್‌ಡೋಮ್ ಈಗಿಲ್ಲ. 2017ರ ಡಿಸೆಂಬರಿನಲ್ಲಿ ಸ್ಫೋಟಿಸಿ ಕೆಡವಲು ಹೋದರು. ಮೊದಲ ದಿನ ಢಂ ಅಂದಿತು, ಆದರೆ ಬೀಳಲಿಲ್ಲ. ಮರುದಿನ ಎರಡನೇ ಸಲ ಮಾಡಬೇಕಾಯಿತು. ಆಂಡ್ರೆಯನ್ನು ಹೊತ್ತುಕೊಂಡಿದ್ದ ಕಟ್ಟಡ, ಒಂದೇ ಎಣಿಕೆಗೆ ಹೇಗೆ ಬಿದ್ದೀತು.)

ಇನ್ನೊಂದು ಸಂಗತಿ ಹೇಳುತ್ತೇನೆ. ಸ್ಯಾವೇಜ್ ಆ ಪಂದ್ಯದ ಪ್ರತಿ ಹೆಜ್ಜೆಗೂ ಅಂಕಿ ಹಾಕಿ ಕಾಗದದಲ್ಲಿ ಬರೆದಿಟ್ಟಿದ್ದ. ಇಬ್ಬರೂ ಪರೀಕ್ಷೆಗೆ ಓದಿದ ಹಾಗೆ ಬಾಯಿಪಾಠ ಮಾಡಿದರು ಅಂತ ಸ್ಟೀಮ್‌ಬೋಟೇ ಹೇಳಿದ್ದಾನೆ. ಎರಡು ವರ್ಷದ ನಂತರ ಅದೇ ಸ್ಟೀಮ್‌ಬೋಟ್ ರಿಕ್ ಫ್ಲೇರ್ ಜೊತೆ ಆಡಿದ ಮೂರು ಪಂದ್ಯ ಇದರ ತದ್ವಿರುದ್ಧ. ಅಲ್ಲಿ ರಿಂಗಿಗೆ ಇಳಿದ ಮೇಲೆ ಕಿವಿಯಲ್ಲಿ ಪಿಸುಗುಟ್ಟಿಕೊಂಡು, ಜನ ಕೂಗುವುದನ್ನು ನೋಡಿಕೊಂಡು ಕಟ್ಟಿದ ಪಂದ್ಯಗಳು. 1989ರ ಫೆಬ್ರವರಿಯಲ್ಲಿ ಚಿಕಾಗೋ, ಏಪ್ರಿಲ್ 2ಕ್ಕೆ ನ್ಯೂ ಆರ್ಲಿಯನ್ಸ್, ಮೇ 7ಕ್ಕೆ ನ್ಯಾಶ್‌ವಿಲ್. ನ್ಯೂ ಆರ್ಲಿಯನ್ಸ್ ಪಂದ್ಯ ಮೂರರಲ್ಲಿ ಎರಡು ಗೆಲ್ಲುವ ಲೆಕ್ಕದ್ದು, ಹೆಚ್ಚುಕಮ್ಮಿ 55 ನಿಮಿಷ. ಅದೇ ದಿನ ಅತ್ತ ಎದುರಾಳಿ ಕಂಪನಿಯ ರೆಸಲ್‌ಮೇನಿಯಾ 5 ನಡೆಯುತ್ತಿತ್ತು. ಇತ್ತ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ಖಾಲಿ ಕುರ್ಚಿಗಳೇ ಜಾಸ್ತಿ. ಆದರೂ ಇಬ್ಬರೂ ಗದ್ದಲ ತುಂಬಿದ ಅರಮನೆಯಲ್ಲಿ ಇದ್ದವರಂತೆ ಆಡುತ್ತಾರೆ. ಮೊದಲ ಕಾಲು ಗಂಟೆ ನಿನಗೆ ಬೇಸರ ಬರಬಹುದು. ಸುಮ್ನೆ ಕೂತು ನೋಡು. ಸ್ಟೀಮ್‌ಬೋಟ್ ಕೊನೆಯಲ್ಲಿ ಎರಡೂ ಕೈ ಹಿಂದಕ್ಕೆ ಮಡಚಿ ಹಾಕುವ ಪಟ್ಟು ಯಾಕೆ ಅಷ್ಟು ನೋಯಿಸುತ್ತದೆ ಅನ್ನುವುದು ಆ ಬೇಸರದ ಕಾಲು ಗಂಟೆಯಲ್ಲೇ ಇದೆ. ನನ್ನ ಕೇಳಿದರೆ ಮೂರರಲ್ಲಿ ನ್ಯಾಶ್‌ವಿಲ್‌ನದೇ ಮೇಲು. ಇದನ್ನು ಒಪ್ಪದವರು ಸಾವಿರ ಜನ ಇದ್ದಾರೆ, ಇರಲಿ.

"ಇದೆಲ್ಲ ನಾಟಕ, ಮೊದಲೇ ಗೊತ್ತು ಮಾಡಿರುತ್ತಾರೆ" ಅಂತ ಅಜ್ಜ ಹೇಳಿದರೆ ವಾದ ಮಾಡಬೇಡ. ಅವರು ಮೈಸೂರಿನಲ್ಲಿ ದಸರಾ ಕುಸ್ತಿ ಮಣ್ಣಿನ ಅಖಾಡದ ಪಕ್ಕ ನಿಂತು ನೋಡಿದವರು. ಹೌದು ಅನ್ನು, ಮುಗಿಯಿತು. ಗೊತ್ತು ಮಾಡಿದ್ದನ್ನು ಎಷ್ಟು ಚೆನ್ನಾಗಿ ಮಾಡಿದರು ಅನ್ನುವುದೇ ನಾವು ನೋಡುವ ಆಟ.

ಈಗ ಟೇಪು, ಡಿವಿಡಿ ವಿಷಯಕ್ಕೆ ಬರುತ್ತೇನೆ. ಹಣ ಹೋಗುವುದು ಇಲ್ಲೇ.

ಕೊಲಿಸಿಯಂ ವಿಡಿಯೋದ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಗಳ ಮೇಲೆ ನಿನಗೆ ಆಸೆ ಹುಟ್ಟಿದೆ ಅಂತ ಗೊತ್ತು. 1985ರಿಂದ 1997ರವರೆಗೆ ಡಬ್ಲ್ಯುಡಬ್ಲ್ಯುಎಫ್ ಟೇಪುಗಳನ್ನು ತಂದವರು ಅವರೇ. ನಾನು ಇಲ್ಲಿಗೆ ಬಂದ ಹೊಸತರಲ್ಲಿ ಶನಿವಾರ ಬಾಡಿಗೆಗೆ ತಂದು ಸೋಮವಾರ ವಾಪಸ್ ಕೊಡುತ್ತಿದ್ದೆ. ಚಂದದ ಪೆಟ್ಟಿಗೆ, ನಿಜ. ಅದರ ನಿಜವಾದ ಬೆಲೆ ಬೇರೆ ಕಡೆ ಇದೆ. ಟಿವಿಯಲ್ಲಿ ಎಲ್ಲೂ ಬಾರದ, ಟೇಪಿಗೆಂದೇ ಹಿಡಿದ ಪಂದ್ಯಗಳು ಅವುಗಳಲ್ಲಿ ಇದ್ದವು. ರೆಸಲ್‌ಮೇನಿಯಾ 10ರಲ್ಲಿ ಶಾನ್ ಮೈಕಲ್ಸ್ ಮತ್ತು ರೇಜರ್ ರಮೋನ್ ಆಡಿದ ಏಣಿ ಪಂದ್ಯ (ಮೇಲೆ ತೂಗುಹಾಕಿದ ಬೆಲ್ಟನ್ನು ಏಣಿ ಹತ್ತಿ ಇಳಿಸಿಕೊಂಡವನೇ ಗೆದ್ದ) ನಿನ್ನ ಪಟ್ಟಿಯಲ್ಲಿದೆ. ಅದೇ ಮೊದಲನೆಯದು ಅಂತ ಬರೆದಿದ್ದೀಯ. ಅಲ್ಲ. 1992ರ ಜುಲೈನಲ್ಲಿ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಬ್ರೆಟ್ ಹಾರ್ಟ್ ಅದೇ ಮೈಕಲ್ಸ್ ಜೊತೆ ಏಣಿ ಪಂದ್ಯ ಆಡಿದ್ದ. ಆ ಉಪಾಯ ತಂದವನೇ ಬ್ರೆಟ್, ಅವನ ಅಪ್ಪನ ಕ್ಯಾಲ್ಗರಿ ಕಂಪನಿಯಿಂದ. ಆಗ ಅದು ಜನರಿಗೆ ಸಿಕ್ಕಿದ್ದು ಕೊಲಿಸಿಯಂ ಟೇಪಿನಲ್ಲಿ ಮಾತ್ರ. ಟೇಪು ನೋಡದವರಿಗೆ 1994ರದೇ ಮೊದಲು. ಕಂಪನಿಗೂ ಹಾಗೆ ಹೇಳುವುದೇ ಅನುಕೂಲ.

ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. 2001ರಲ್ಲಿ ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯುವನ್ನು, ಆಮೇಲೆ ಎಡಬ್ಲ್ಯುಎ, ಇಸಿಡಬ್ಲ್ಯು ಕಂಪನಿಗಳ ಟೇಪು ಭಂಡಾರಗಳನ್ನು ಇದೇ ಒಂದು ಕಂಪನಿ ಕೊಂಡುಕೊಂಡಿತು. ಗೆದ್ದವನ ಕೈಗೆ ಸೋತವರ ಟೇಪುಗಳೆಲ್ಲ ಸೇರಿದವು. ಅಂದಿನಿಂದ ಡಿವಿಡಿಯಲ್ಲಿ ಎರಡು ಭಾಗ. ಒಂದು ಕಂಪನಿ ಹೇಳುವ ಕಥೆ, ಇನ್ನೊಂದು ಪಂದ್ಯ. ನೀನು ಪಂದ್ಯವನ್ನು ನಂಬು.

ಅಲ್ಟಿಮೇಟ್ ವಾರಿಯರ್‌ನನ್ನು ನೋಡು. 2005ರಲ್ಲಿ ಅವನ ಮೇಲೆ ಒಂದು ಡಿವಿಡಿ ತಂದರು. ಆತ್ಮನಾಶ ಅಂತಲೇ ಹೆಸರು. ಒಬ್ಬರಾದ ಮೇಲೊಬ್ಬರು ಬಂದು ಅವನಿಗೆ ಕುಸ್ತಿ ಬರುತ್ತಿರಲಿಲ್ಲ, ದುರಹಂಕಾರಿ, ಹುಚ್ಚ ಅಂದರು. ಅವನು ಸಂದರ್ಶನಕ್ಕೆ ಬಂದಿರಲಿಲ್ಲ, ಬದಲಿಗೆ ಕೋರ್ಟಿಗೆ ಹೋದ. ಒಂಬತ್ತು ವರ್ಷದ ನಂತರ, 2014ರ ಏಪ್ರಿಲಿನಲ್ಲಿ, ಅದೇ ಕಂಪನಿ ಅವನನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿತು. ಮೂರೇ ದಿನದಲ್ಲಿ ಅವನು ತೀರಿಕೊಂಡ. ಅದೇ ವರ್ಷ ಬಂದ ಇನ್ನೊಂದು ಸಂಗ್ರಹದಲ್ಲಿ ಅವನು ಮಹಾಪುರುಷ. ಎರಡರಲ್ಲಿ ಯಾವುದು ನಿಜ? ಎರಡನ್ನೂ ಬದಿಗಿಟ್ಟು 1991ರ ರೆಸಲ್‌ಮೇನಿಯಾ 7ರಲ್ಲಿ ಸ್ಯಾವೇಜ್ ಜೊತೆ ಅವನು ಆಡಿದ ಪಂದ್ಯ ಹಾಕು. ಸೋತವನು ನಿವೃತ್ತಿ ಆಗಬೇಕು ಅನ್ನುವ ಷರತ್ತು. ಸ್ಯಾವೇಜ್ ಮೇಲಿನಿಂದ ಐದು ಸಲ ಮೊಣಕೈ ಹಾಕುತ್ತಾನೆ, ಆದರೂ ವಾರಿಯರ್ ಎದ್ದುಬಿಡುತ್ತಾನೆ. ಪಂದ್ಯವನ್ನು ನಡೆಸಿದವನು ಸ್ಯಾವೇಜ್ ಅನ್ನುವುದು ಕಣ್ಣಿಗೆ ಕಾಣುತ್ತದೆ. ಆದರೆ ಬೇರೆಯವನು ಹೇಳಿದಂತೆ ಅಷ್ಟು ಹೊತ್ತು ನಿಂತು ಆಡುವುದೂ ಒಂದು ಕೆಲಸವೇ, ಅಲ್ವಾ? ಪಂದ್ಯ ಮುಗಿದ ಮೇಲೆ, ಸ್ಯಾವೇಜ್‌ನಿಂದ ದೂರವಾಗಿದ್ದ ಎಲಿಜಬೆತ್ ಜನರ ನಡುವಿನಿಂದ ಓಡಿ ಬರುತ್ತಾಳೆ. ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗಿದಾಗ ಅಳುವವರನ್ನು ಗಮನಿಸು.

ಬ್ರೆಟ್ ಜಾಣ. 2005ರಲ್ಲೇ ಅವನ ಮೇಲೂ ಇಂಥದ್ದೇ ಒಂದು ಬೈಗುಳದ ಡಿವಿಡಿ ತಯಾರಾಗುತ್ತಿತ್ತು. ಮಾಂಟ್ರಿಯಲ್‌ನಲ್ಲಿ ಕಂಪನಿ ತನಗೆ ಹೇಳದೆ ತನ್ನನ್ನು ಸೋಲಿಸಿದ ಕಹಿಯನ್ನು ಅವನು ನುಂಗಿಕೊಂಡು ಮುಂದೆ ಬಂದ, ತಾನೇ ಕೂತು ಮಾತಾಡಿದ. ಅದು ಮೂರು ಡಿಸ್ಕಿನ ಒಳ್ಳೆಯ ಸಂಗ್ರಹವಾಯಿತು. ಅದನ್ನು ಕಣ್ಣುಮುಚ್ಚಿ ಕೊಳ್ಳು. 2003ರ ಫ್ಲೇರ್ ಸಂಗ್ರಹವನ್ನೂ ಕೊಳ್ಳು. ಅದರಲ್ಲಿ ಮಾತು ಕಡಿಮೆ, ಪಂದ್ಯ ಜಾಸ್ತಿ.

ಕತ್ತರಿ ಇನ್ನೂ ಎಲ್ಲೆಲ್ಲಿ ಆಡಿದೆ ಅನ್ನುವುದೂ ಗೊತ್ತಿರಲಿ. ವನ್ಯಜೀವಿ ನಿಧಿಯವರದೂ ಡಬ್ಲ್ಯುಡಬ್ಲ್ಯುಎಫ್ ಅನ್ನುವ ಅಕ್ಷರಗಳೇ; ಅವರು ಆ ಹೆಸರಿನ ಮೇಲೆ ಹಾಕಿದ ಕೇಸಿನಲ್ಲಿ ಕಂಪನಿ ಸೋತು 2002ರಲ್ಲಿ ಡಬ್ಲ್ಯುಡಬ್ಲ್ಯುಇ ಆಯಿತು. ಆಮೇಲಿನ ಡಿವಿಡಿಗಳಲ್ಲಿ 1998ರ ನಂತರದ ಹಳೇ ಲಾಂಛನವನ್ನು ಮಸುಕು ಮಾಡಿದರು. ಬಾಯಲ್ಲಿ ಬಂದ ಆ ಅಕ್ಷರಗಳನ್ನೂ ಅಳಿಸಿದರು. ಆಗಿನ ತಾರೆ ಸ್ಟೀವ್ ಆಸ್ಟಿನ್ ಕಾಲದ ಪಂದ್ಯ ನೋಡುತ್ತಿದ್ದರೆ ಮೂಲೆಮೂಲೆಯಲ್ಲಿ ಮಂಜು ಕವಿದಂತೆ ಕಾಣುತ್ತಿತ್ತು. 2012ರಲ್ಲಿ ರಾಜಿ ಆದ ಮೇಲೆ ಆ ಕಾಟ ತಪ್ಪಿತು. ನಡುವೆ ಬಂದ ಡಿವಿಡಿಗಳು ಮಾತ್ರ ಹಾಗೇ ಉಳಿದವು, ಹಾಗಾಗಿ ರೆಸಲ್‌ಮೇನಿಯಾ 17 ಬೇಕೆಂದರೆ 2001ರ ಮೂಲ ಡಿವಿಡಿಯನ್ನೇ ಹುಡುಕು. ಬ್ರಿಟನ್ನಿನ ಸಿಲ್ವರ್ ವಿಷನ್‌ನವರು ಎರಡೆರಡು ಹಳೇ ಟೇಪು ಸೇರಿಸಿ ತಂದ 'ಟ್ಯಾಗ್ಡ್ ಕ್ಲಾಸಿಕ್ಸ್' ಡಿವಿಡಿಗಳಲ್ಲೂ ಮಸುಕಿಲ್ಲ. ಹಳೇ ಒಪ್ಪಂದದ ಬಲದಿಂದ ಅವರು ಹಾಗೆಯೇ ಅಚ್ಚು ಹಾಕಿದರು. ಸಂಗೀತದ ಕತೆ ಇನ್ನೂ ಕಷ್ಟ. ಹೋಗನ್ ಮೊದಮೊದಲು ತಾನೇ ನಟಿಸಿದ್ದ ಬಾಕ್ಸಿಂಗ್ ಸಿನಿಮಾದ ಹಾಡಿಗೆ ರಿಂಗಿಗೆ ಬರುತ್ತಿದ್ದ. ಮರುಮುದ್ರಣಗಳಲ್ಲಿ ಬೇರೆ ಹಾಡು. ಇಸಿಡಬ್ಲ್ಯು ಪಂದ್ಯಗಳಿಗಂತೂ ಹಾಡೇ ಅರ್ಧ ಜೀವ. ಅದನ್ನು ತೆಗೆದರೆ ಜನ ಯಾಕೆ ಕುಣಿಯುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ.

ನಿನ್ನ ಪಟ್ಟಿಯ ಕೆಳಭಾಗದಲ್ಲಿ "ಭಯಂಕರ ಪೆಟ್ಟುಗಳು" ಅಂತ ಬೇರೆ ಮಾಡಿದ್ದೀಯ. ಇದರ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. 1999ರ ಜನವರಿಯ ರಾಯಲ್ ರಂಬಲ್‌ನಲ್ಲಿ ರಾಕ್, ಕೈಕೋಳ ಹಾಕಿಸಿಕೊಂಡ ಮಿಕ್ ಫೋಲಿಯ ತಲೆಗೆ ಕುರ್ಚಿಯಿಂದ ಮತ್ತೆ ಮತ್ತೆ ಹೊಡೆಯುತ್ತಾನೆ. ಕಂಪನಿಯ ಟೇಪಿನಲ್ಲಿ ಅದು ಸಾಹಸ. ಅದೇ ವರ್ಷ ಬಂದ 'ಬಿಯಾಂಡ್ ದಿ ಮ್ಯಾಟ್' ಸಾಕ್ಷ್ಯಚಿತ್ರದ ಕ್ಯಾಮೆರಾ ರಿಂಗಿನ ಪಕ್ಕ ಕೂತಿದ್ದ ಫೋಲಿಯ ಹೆಂಡತಿ ಮಕ್ಕಳ ಕಡೆ ಇತ್ತು. ಮಕ್ಕಳು ಚೀರಿ ಅಳುತ್ತವೆ. ಒಂದೇ ರಾತ್ರಿ, ಒಂದೇ ಪೆಟ್ಟು, ಎರಡು ಟೇಪು. ಮೊದಲನೆಯದನ್ನು ನೋಡುವುದಾದರೆ ಎರಡನೆಯದನ್ನೂ ನೋಡು. ತಲೆಗೆ ಕುರ್ಚಿ ಹೊಡೆಯುವುದನ್ನು ಕಂಪನಿ ನಿಲ್ಲಿಸಿದ್ದು 2010ರಲ್ಲಿ. ಅದಕ್ಕೂ ಮೊದಲು, 2007ರಲ್ಲಿ, ಕ್ರಿಸ್ ಬೆನ್ವಾ ಹೆಂಡತಿ ಮಗನನ್ನು ಕೊಂದು ತಾನೂ ಸತ್ತ. ಪರೀಕ್ಷೆ ಮಾಡಿದ ವೈದ್ಯರಿಗೆ ಅವನ ಮೆದುಳು ತೀರಾ ಹಾಳಾಗಿದ್ದು ಕಂಡಿತು. ಅವನ 2004ರ ಡಿವಿಡಿ "ಅಪರೂಪದ್ದು" ಅಂತ ನೀನು ಗುರುತು ಹಾಕಿದ್ದೀಯ. ಅದಕ್ಕೆ ಹಣ ಹಾಕಬೇಡ. ಅವನ ಪಂದ್ಯ ಈಗ ನನಗೆ ನೋಡಲಾಗುವುದಿಲ್ಲ. ನೋಡುವವರನ್ನು ನಾನು ಬೈಯುವುದಿಲ್ಲ.

ಓವನ್ ಹಾರ್ಟ್ ವಿಷಯವೂ ಅಷ್ಟೇ. 1999ರ ಮೇ 23, ಕನ್ಸಾಸ್ ಸಿಟಿ, ಕಾರ್ಯಕ್ರಮದ ನಡುವೆ ಛಾವಣಿಯಿಂದ ರಿಂಗಿಗೆ ಇಳಿಯುವಾಗ ಬಿದ್ದು ತೀರಿಕೊಂಡ. ಆಟ ಮುಂದುವರಿಸಿದರು. ಆ ರಾತ್ರಿಯ ಟೇಪು ಹುಡುಕಿ ಕೊಡುತ್ತೇನೆ ಅನ್ನುವವರು ಸಿಗುತ್ತಾರೆ, ದೂರ ಇರು. ಓವನ್ ಬೇಕೆಂದರೆ 1994ರ ರೆಸಲ್‌ಮೇನಿಯಾ 10ರ ಮೊದಲ ಪಂದ್ಯ ನೋಡು. ಅಣ್ಣ ಬ್ರೆಟ್‌ನನ್ನು ತಮ್ಮ ಸೋಲಿಸುತ್ತಾನೆ. ಅದೇ ರಾತ್ರಿ ಕೊನೆಗೆ ಅಣ್ಣ ಯೊಕೊಜುನಾನನ್ನು ಸೋಲಿಸಿ ಚಾಂಪಿಯನ್ ಆಗುತ್ತಾನೆ. ಎಲ್ಲರೂ ಅವನನ್ನು ಎತ್ತಿ ಮೆರೆಸುವಾಗ ಓವನ್ ದೂರದಲ್ಲಿ ನಿಂತು ಗುರಾಯಿಸುತ್ತಾನೆ. ಅದಕ್ಕೇ ಕಾರ್ಯಕ್ರಮವನ್ನು ಇಡಿಯಾಗಿ ನೋಡಬೇಕು ಅನ್ನುವುದು.

ಕೊಳ್ಳುವ ಮೊದಲು ಇಷ್ಟು ನೋಡಿಕೋ. ವಿಡಿಯೋ ಪದ್ಧತಿ ಬೇರೆ ಬೇರೆ: ಅಮೆರಿಕದ ಟೇಪು ಎನ್‌ಟಿಎಸ್‌ಸಿ, ನಮ್ಮ ಊರಿನ ವಿಸಿಆರ್ ಪಾಲ್. ಎರಡೂ ಓಡಿಸುವ ಯಂತ್ರ ಇಲ್ಲದಿದ್ದರೆ ಪೆಟ್ಟಿಗೆ ಶೋಕೇಸಿಗೆ ಮಾತ್ರ. ಡಿವಿಡಿಗೂ ಪ್ರದೇಶದ ಬೀಗ ಇದೆ: ಇಲ್ಲಿಯ ಡಿವಿಡಿ ರೀಜನ್ 1, ಬ್ರಿಟನ್ನಿನದು 2, ಭಾರತದ್ದು 5. ಆದ್ದರಿಂದ ಎಲ್ಲ ರೀಜನ್ ಓಡಿಸುವ ಪ್ಲೇಯರ್ ಮೊದಲು ತಗೋ. ಟೇಪು ಕೊಳ್ಳುವಾಗ ಕಿಟಕಿಯಂಥ ಜಾಗದಲ್ಲಿ ಸುರುಳಿಯ ಫೋಟೋ ಕೇಳು. ಬಿಳಿ ಪುಡಿ ಕಂಡರೆ ಬೂಷ್ಟು. ಅದನ್ನು ಹಾಕಿದರೆ ಯಂತ್ರದ ಹೆಡ್ಡೂ ಕೆಡುತ್ತದೆ. ನಿಮ್ಮ ಮಳೆಗಾಲದಲ್ಲಿ ಟೇಪನ್ನು ಗೋಡೆಗೆ ತಾಗಿಸಿ ಇಡಬೇಡ, ನಿಲ್ಲಿಸಿ ಇಡು. ಸೀಲ್ ಒಡೆಯದ ಪೆಟ್ಟಿಗೆಗೆ ಮೂರು ಪಟ್ಟು ಕೊಡಬೇಡ. ಒಳಗೆ ಏನಾಗಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ.

ಸ್ಯಾವೇಜ್-ವಾರಿಯರ್ ಪಂದ್ಯ ಮೊದಲು ನೋಡಿ ನನಗೆ ಬರೆ. ಆಮೇಲೆ ನನ್ನ ಡಿವಿಡಿಗಳ ಪಟ್ಟಿ ಕಳಿಸುತ್ತೇನೆ, ಬೇಕಾದ್ದಕ್ಕೆ ಗುರುತು ಹಾಕು. ಎರಡೆರಡು ಇರುವುದನ್ನು ನಿನ್ನ ಅತ್ತೆ ಊರಿಗೆ ಬರುವಾಗ ತರುತ್ತಾಳೆ. ನ್ಯಾಶ್‌ವಿಲ್ ಪಂದ್ಯದ ಬಗ್ಗೆ ಜಗಳ ಆಡುವುದಿದ್ದರೆ ಭಾನುವಾರ ನಿಮ್ಮ ಸಂಜೆ ಫೋನ್ ಮಾಡು. ನಾನಾಗ ಕಾಫಿ ಕುಡಿಯುತ್ತಿರುತ್ತೇನೆ.

ಇಂತಿ,
ನಿನ್ನ ಮಾವ