ಪೈಥಾನ್ 3.13 ದಾಟಿಸಿದವರಿಗೆ

ಮೊನ್ನೆ ಲ್ಯಾಪ್‌ಟಾಪಿಗೆ ಡೆಬಿಯನ್ 13 ಹಾಕಿದೆ. ಡೆಬಿಯನ್ ಎಂದರೆ ಸ್ವಯಂಸೇವಕರು ಕಟ್ಟುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ಈ 13ನೇ ಆವೃತ್ತಿ 2025ರ ಆಗಸ್ಟ್ 9ರಂದು ಬಿಡುಗಡೆಯಾದದ್ದು. ಅದರಲ್ಲಿರುವ ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ಯಾವ ಆವೃತ್ತಿಯದೆಂದು ನೋಡಿದರೆ 3.13. ಡೆಬಿಯನ್‌ನಲ್ಲಿ ನಾನು ನೋಡಿಕೊಳ್ಳುವ ಸಣ್ಣ ಪ್ಯಾಕೇಜೂ (ಹಾಕಿಕೊಳ್ಳಲು ಸಿದ್ಧಪಡಿಸಿದ ತಂತ್ರಾಂಶ) ಅದರಲ್ಲಿ ಸರಿಯಾಗಿ ಓಡಿತು. ಅದು ಓಡುವಂತೆ ಮಾಡಿದವರನ್ನು ನೆನೆದು, ಬದಿಯಡ್ಕದ ನಮ್ಮ ಮನೆಯ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಕನ್ನಡ ಪದಗಳನ್ನು ಅಕಾರಾದಿಯಾಗಿ ಜೋಡಿಸುವುದಷ್ಟೇ ಆ ಪ್ಯಾಕೇಜಿನ ಕೆಲಸ. ಅದರ ಹಳೆಯ ವೆಬ್ ಭಾಗ ಪೈಥಾನ್ ಜೊತೆಗೇ ಬರುತ್ತಿದ್ದ ಸಿಜಿಐ ಎಂಬ ಮಾಡ್ಯೂಲನ್ನು (ಸಿದ್ಧ ಕೋಡಿನ ತುಂಡನ್ನು) ನಂಬಿಕೊಂಡಿತ್ತು. ಪೈಥಾನ್ 3.13ರಲ್ಲಿ ಅದೂ ಸೇರಿ 19 ಹಳೆಯ ಮಾಡ್ಯೂಲ್‌ಗಳನ್ನು ತೆಗೆದುಹಾಕಿದರು. 3.11ರಿಂದಲೇ ಎಚ್ಚರಿಕೆ ಬರುತ್ತಿತ್ತು. ಆಮೇಲೆ ನೋಡೋಣ ಎಂದು ಬಿಟ್ಟಿದ್ದೆ. ತಪ್ಪು ನನ್ನದೇ.

ಡೆಬಿಯನ್‌ಗೆ ಹೊಸ ಪೈಥಾನ್ ಒಮ್ಮೆಲೇ ಬರುವುದಿಲ್ಲ. ಸ್ವಲ್ಪ ಕಾಲ ಹಳೆಯದೂ ಹೊಸದೂ ಜೊತೆಗಿರುತ್ತವೆ. ಸಿ ಭಾಷೆಯ ಭಾಗ ಇರುವ ಪ್ಯಾಕೇಜ್‌ಗಳನ್ನು ಎರಡಕ್ಕೂ ಕಟ್ಟಬೇಕು, ಪರೀಕ್ಷೆಗಳು ಪಾಸಾಗಬೇಕು. ಆಮೇಲೆ ಹೊಸದೇ ಮುಖ್ಯ, ಕೊನೆಗೆ ಹಳೆಯದಕ್ಕೆ ವಿದಾಯ. ನಡುವೆ ಒಂದು ಪ್ಯಾಕೇಜ್ ಸಿಕ್ಕಿಕೊಂಡರೆ ಅದನ್ನು ನಂಬಿದ ಬೇರೆಯವೂ ಕಾಯಬೇಕು. ಹೀಗೆ ಸಿಕ್ಕಿಕೊಂಡದ್ದು ನನ್ನದು. ಅದೇ ವಾರ ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಅಮ್ಮ ಜಾರಿಬಿದ್ದು ಕೈ ಮುರಿದುಕೊಂಡರು.

ಎರಡು ವಾರ ನಾನು ಕಂಪ್ಯೂಟರ್ ಮುಟ್ಟಲಿಲ್ಲ.

ಉಬುಂಟು ಎಂಬ ಇನ್ನೊಂದು ಲಿನಕ್ಸ್ ತನ್ನ ಬಹುಪಾಲು ಪ್ಯಾಕೇಜ್‌ಗಳನ್ನು ಡೆಬಿಯನ್‌ನಿಂದಲೇ ತರುತ್ತದೆ. ಡೆಬಿಯನ್ ಸಿದ್ಧವಾದಾಗ ಬಿಡುಗಡೆ. ಉಬುಂಟುಗೆ ಮಾತ್ರ ಏಪ್ರಿಲ್, ಅಕ್ಟೋಬರ್ ಎಂಬ ಗಡುವು. 2025ರ ಏಪ್ರಿಲ್‌ನ ಆವೃತ್ತಿ 25.04ರ ತಯಾರಿಯಲ್ಲಿದ್ದ ಉಬುಂಟುವಿನ ಒಬ್ಬರು ನನ್ನ ಪ್ಯಾಕೇಜ್ ಮುರಿದದ್ದು ಕಂಡು ಸರಿಮಾಡಿದರು. ಅಲ್ಲಿಗೇ ಬಿಡಬಹುದಿತ್ತು, ಅವರ ಕೆಲಸ ಆಗಿತ್ತು ಅಲ್ವಾ? ಆದರೆ ಅದೇ ಪ್ಯಾಚನ್ನು (ಕೋಡಿನ ತಿದ್ದುಪಡಿಯನ್ನು) ವಿವರಣೆ ಸಮೇತ ಡೆಬಿಯನ್‌ಗೂ ಕಳಿಸಿದರು. ಡೆಬಿಯನ್‌ನ ಇನ್ನೊಬ್ಬರು ಅದನ್ನು ಪರೀಕ್ಷಿಸಿ, ನನಗೆ ಆಕ್ಷೇಪವಿದ್ದರೆ ಹೇಳಲು ಕೆಲವು ದಿನ ಬಿಟ್ಟು, ಏರಿಸಿದರು. ಆಸ್ಪತ್ರೆಯ ವರಾಂಡದಲ್ಲಿ ನಿಂತು ಮೊಬೈಲಿನಲ್ಲೇ "ದಯವಿಟ್ಟು ಹಾಕಿಬಿಡಿ" ಎಂದು ಬರೆದೆ. ಮುಂದಿನ ಸಲ ಉಬುಂಟು ಡೆಬಿಯನ್‌ನದ್ದನ್ನೇ ಹಾಗೇ ತೆಗೆದುಕೊಂಡಿತು. ಪ್ರತಿ ಸಲ ಆ ತಿದ್ದುಪಡಿಯನ್ನು ಬೇರೆಯಾಗಿ ಹೊರುವ ಕಷ್ಟ ತಪ್ಪಿತು. ನನಗೆ ಇದು ತುಂಬ ದೊಡ್ಡದು. ಇಬ್ಬರ ಮುಖವನ್ನೂ ನಾನು ನೋಡಿಲ್ಲ. ಇಬ್ಬರೂ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅಮ್ಮ ಹೇಗಿದ್ದಾರೆ ಎಂದು ಕೇಳಿದರು.

ಊರಿನವರಿಗೂ ಹೇಳಬೇಕು. ನಮ್ಮ ಅಡಿಕೆಯನ್ನು ದಿನವೂ ಹರವಿ, ಸಂಜೆ ಒಟ್ಟುಮಾಡಿಟ್ಟದ್ದು ಆಚೆ ಮನೆಯ ದೊಡ್ಡಮ್ಮ ಮತ್ತು ಮಕ್ಕಳು. ಗಂಜಿಯೂ ಅವರ ಮನೆಯಿಂದಲೇ. ಕನ್ನಡ ಮಾಧ್ಯಮದ ಶಾಲೆಯಲ್ಲಿ ನನಗೆ ಮೊದಲು ಲಿನಕ್ಸ್ ತೋರಿಸಿದ ಮಾಷ್ಟ್ರನ್ನೂ ನೆನೆಯುತ್ತೇನೆ. "ಹಾಳಾದರೆ ಮತ್ತೆ ಹಾಕುವ, ಹೆದರಬೇಡ" ಎಂದಿದ್ದರು.

ಅಮ್ಮನ ಕೈ ಈಗ ಜಾಸ್ತಿ ನೋಯುವುದಿಲ್ಲ. 2025ರ ಅಕ್ಟೋಬರಿನಲ್ಲಿ ಪೈಥಾನ್ 3.14 ಬಂದಿದೆ. ನನ್ನ ಪರೀಕ್ಷೆಗಳನ್ನು ಅದರಲ್ಲಿ ಈಗಲೇ ಓಡಿಸಿದ್ದೇನೆ. ಇನ್ನೊಬ್ಬರ ಪ್ಯಾಕೇಜೊಂದು ಮುರಿಯುತ್ತಿತ್ತು, ನಿನ್ನೆ ರಾತ್ರಿ ಅದಕ್ಕೊಂದು ಪ್ಯಾಚ್ ಕಳಿಸಿದೆ. ಡೆಬಿಯನ್‌ಗೆ.